ಮೂಡಣ, ಪಡುವಣ ಮತ್ತು ದಿಕ್ಸೂಚಿಯ ಉತ್ತರ

ನಕ್ಷೆ ಹಾಗೂ ದಿಕ್ಸೂಚಿಗಳ ನೆರವಿನಿಂದ ನೆಲೆಯನ್ನು ನಿರ್ಧರಿಸುವ ವಿದ್ಯೆಗೂ ಜನಪದರ ದಿಗ್‌ಜ್ಞಾನಕ್ಕೂ ಇರುವ ಸಂಬಂಧವು ಕರ್ನಾಟಕದ ಭೂಮಾಪನ ಚರಿತ್ರೆಯಲ್ಲಿ ಪರಿಶೀಲನಾರ್ಹವಾದುದು. ಕನ್ನಡದಲ್ಲಿ ಸೂರ್ಯ ಮೂಡುವ ದಿಕ್ಕು ಮೂಡಣ, ಇಳಿಯುವ ದಿಕ್ಕು ಪಡುವಣ. ಮೂಡುಬಿದಿರೆ, ಪಡುಬಿದ್ರಿ ಎಂಬ ಊರ ಹೆಸರುಗಳಲ್ಲಿ ಈ ಅರಿವು ಇಂದಿಗೂ ಉಳಿದಿದೆ. ದಾನಶಾಸನಗಳ ಚತುಸ್ಸೀಮೆಯ ವಿವರಗಳೂ ಇದೇ ಕ್ರಮದವು. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆಯನ್ನು ಸುತ್ತಿಬರುತ್ತ ಮರ, ಹುತ್ತ, ಹಳ್ಳ, ನೆಟ್ಟ ಕಲ್ಲುಗಳನ್ನು ಗುರುತಿಸುವ ಈ ಪಾಠಗಳು ಅಕ್ಷರರೂಪದ ನಕ್ಷೆಗಳೇ ಸರಿ. ಆದರೆ ಅವುಗಳನ್ನು ನೆಲದ ಮೇಲೆ ಓದಲು ಸ್ಥಳವನ್ನು ಬಲ್ಲವರ ನೆನಪು ಅನಿವಾರ್ಯವಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ತರುವಾಯ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸೀಮೆಯ ಮೋಜಣಿ ಆರಂಭವಾಯಿತು. ಸುಮಾರು 40,000 ಚದರ ಮೈಲಿಗಳನ್ನು ಒಳಗೊಂಡ ಈ ಕಾರ್ಯದಲ್ಲಿ ಬೆಟ್ಟಗಳ ಸ್ಥಾನವನ್ನು ತ್ರಿಕೋನಮಾಪನ ನಿರ್ಧರಿಸಿತು. ಊರಿನ ಹೆಸರು, ಐತಿಹ್ಯ, ಕೈಫಿಯತ್ತುಗಳು ಮಾತ್ರ ಸ್ಥಳೀಯರಿಂದಲೇ ದೊರೆಯಬೇಕಾಗಿದ್ದವು. ಕಾವಲಿ ಸೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಅವುಗಳ ಸಂಗ್ರಹಕ್ಕೆ ಶ್ರಮಿಸಿದರು. ಹೇಳಿದವರಲ್ಲಿ ಬಹುಪಾಲು ಜನರ ಹೆಸರು ನಕ್ಷೆಯಲ್ಲಿ ಉಳಿಯಲಿಲ್ಲ.

ಉಪಕರಣಕ್ಕೂ ತನ್ನದೇ ಆದ ಮಿತಿಗಳಿವೆ. ಸೂಜಿ ತೋರುವುದು ಕಾಂತೀಯ ಉತ್ತರವನ್ನೇ ಹೊರತು ಭೌಗೋಳಿಕ ಉತ್ತರವನ್ನಲ್ಲ. ಇವೆರಡರ ನಡುವಿನ ಕೋನವನ್ನು ಸರಿಪಡಿಸಿಕೊಂಡ ಬಳಿಕವೇ ನಕ್ಷೆಯನ್ನು ನೆಲಕ್ಕೆ ಹೊಂದಿಸಬೇಕು. ಕುದುರೆಮುಖದಂತಹ ಮ್ಯಾಗ್ನಟೈಟ್ ಅದಿರಿನ ಪ್ರದೇಶದಲ್ಲಿ ಸೂಜಿಯೇ ದಾರಿ ತಪ್ಪಬಹುದು. ಅಲ್ಲಿ ಕಣ್ಣಿಗೆ ಕಾಣುವ ಶಿಖರವೂ ಅದರ ಹೆಸರನ್ನು ಬಲ್ಲವರೂ ಆಧಾರವಾಗುತ್ತಾರೆ.

ಈ ವಿಷಯ ಕೇವಲ ಗತಕಾಲದ ಕುತೂಹಲವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರೂಪುಗೊಂಡ ನಿಯಮಗಳು ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಮ್ಮ ಪವಿತ್ರ ತಾಣಗಳನ್ನು ಹಿರಿಯರ ನೆನಪಿನ ಆಧಾರದಿಂದ ನಕ್ಷೆಗೆ ತಂದರು. 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕುಗಳು ಮಾನ್ಯವಾದವು. ಎರಡು ಶತಮಾನಗಳ ಹಿಂದೆ ಸ್ಥಳೀಯರ ತಿಳಿವಳಿಕೆ ಆಳುವವರ ನಕ್ಷೆಗೆ ಸಾಮಗ್ರಿಯಾಗಿತ್ತು. ಇಲ್ಲಿ ಅದೇ ಬಗೆಯ ತಿಳಿವಳಿಕೆ ಅವರ ಹಕ್ಕಿಗೆ ಬಲವಾಯಿತು. ಸ್ಥಳನಾಮಗಳನ್ನೂ ಎಲ್ಲೆಯ ಗುರುತುಗಳನ್ನೂ ಬಲ್ಲ ಹಿರಿಯರು ಇರುವಾಗಲೇ, ಅವರೊಡನೆ ಆಯಾ ಎಲ್ಲೆಗಳನ್ನು ನಡೆದು ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ತುರ್ತು ಹೊಣೆಯಾಗಿದೆ.