ಎಪ್ಪತ್ತು ವರುಷದ ವಾಗ್ದಾನ

ಪುಂಜಾಲಕಟ್ಟೆಯಿಂದ ಬೆಳ್ತಂಗಡಿಯತ್ತ ಹೋಗಿಬರುವ ವಾಚಕರಿಗೆ ಜಮಾಲಾಬಾದಿನ ಹೆಬ್ಬಂಡೆ ಪರಿಚಿತವೇ. ಟಿಪ್ಪು ಸುಲ್ತಾನನು ಅಲ್ಲಿ ಕೋಟೆ ಕಟ್ಟಿಸಿದ್ದು 1794ರಲ್ಲಿ. ಅದಕ್ಕೆ ಹತ್ತು ವರುಷ ಮುನ್ನ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಅವನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದನು. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಆ ಜನ ಓದುವ ಹೀಬ್ರೂ ಗ್ರಂಥದಲ್ಲಿಯೂ ಇಂಥದೇ ಒಂದು ಸೆರೆಯ ಕಥೆಯಿದೆ.

ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆಹೂದ್ಯರ ಒಂದು ತಂಡವನ್ನು ಬಾಬಿಲೋನಿಗೆ ಒಯ್ದನು. ಅವರಿಗೆ ಪ್ರವಾದಿ ಯೆರೆಮೀಯನು ಓಲೆ ಬರೆದನು: ಎಪ್ಪತ್ತು ವರುಷ ತುಂಬಿದ ಮೇಲೆ ದೇವರು ನಿಮ್ಮನ್ನು ಮರಳಿ ತರುವನು, ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಬೆಳೆಸಿರಿ ಎಂದು. ಸ್ವಲ್ಪ ಯೋಚಿಸಿ ನೋಡಿ. ಓಲೆ ಕೇಳಿದ ಮುದುಕರಲ್ಲಿ ಯಾರಿಗೆ ತಾನೇ ಆ ದಿನ ಕಾಣುವ ಆಸೆ ಉಳಿದೀತು? ವಾಗ್ದಾನವು ಅವರ ಮೊಮ್ಮಕ್ಕಳಿಗೆ.

ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮಿನ ದೇವಾಲಯವೂ ಬೂದಿಯಾಯಿತು. 539ರಲ್ಲಿ ಪರ್ಷಿಯದ ಕೋರೆಷನು ಬಾಬಿಲೋನನ್ನು ಗೆದ್ದು, ಸೆರೆಯವರಿಗೆ ಊರಿಗೆ ಮರಳಲು ಅಪ್ಪಣೆಯಿತ್ತನೆಂದು ಗ್ರಂಥವು ಹೇಳುತ್ತದೆ. 1879ರಲ್ಲಿ ದೊರೆತ ಅವನ ಮಣ್ಣಿನ ಶಾಸನವು ಜನರನ್ನೂ ದೇವರುಗಳನ್ನೂ ಅವರವರ ನೆಲೆಗೆ ಕಳುಹಿದ್ದನ್ನು ಹೇಳುವುದಾದರೂ, ಯೆರೂಸಲೇಮಿನ ಹೆಸರೆತ್ತುವುದಿಲ್ಲ. ಲೆಕ್ಕದಲ್ಲಿಯೂ ತೊಡಕಿದೆ. ಸೆರೆಯಿಂದ ಅಪ್ಪಣೆಯವರೆಗೆ ಎಣಿಸಿದರೆ ಎಪ್ಪತ್ತು ತುಂಬದು; ದೇವಾಲಯವು ಬಿದ್ದು, ಮತ್ತೆ ಎದ್ದು ಪೂರ್ತಿಯಾಗುವವರೆಗೆ ಎಣಿಸಿದರೆ ಸರಿಸುಮಾರು ತುಂಬುತ್ತದೆ. ನನಗೆ ಈ ಎರಡನೆಯ ಎಣಿಕೆಯೇ ಒಪ್ಪಿತ.

ಹೊಸ ಅಸ್ತಿವಾರ ಹಾಕಿದಂದು, ಹಳೆಯ ಆಲಯವನ್ನು ಕಂಡಿದ್ದ ವೃದ್ಧರು ಗೋಳಿಟ್ಟರಂತೆ. ಕೆನರಾಕ್ಕೆ ಮರಳಿದವರಿಗೂ ಹೆಚ್ಚಿನ ಇಗರ್ಜಿಗಳು ಉಳಿದಿರಲಿಲ್ಲ. ಮೂಡಬಿದಿರೆಯ ಸಮೀಪದ ಹೊಸಬೆಟ್ಟಿನದೊಂದು ಮಾತ್ರ ಚೌಟ ಅರಸರ ದಾಕ್ಷಿಣ್ಯದಿಂದ ಉಳಿಯಿತೆಂದು ಪ್ರತೀತಿ.