ನಡೆದಾರಿಯ ಕೆಳಗೆ ಅನಿಲ ಕೊಳವೆ ಮಾರ್ಗ: ದಾರಿಯ ಹಕ್ಕು, ನೆಲದ ಹಕ್ಕು ಮತ್ತು ಭೂಮಾಲೀಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ನೈಸರ್ಗಿಕ ಅನಿಲ ಅಥವಾ ಪೆಟ್ರೋಲಿಯಂ ಉತ್ಪನ್ನಗಳನ್ನು ಸಾಗಿಸುವ ಕೊಳವೆ ಮಾರ್ಗವು ಜಮೀನಿನ ಕೆಳಗೆ ಹಾದುಹೋಗುವ ಸಂದರ್ಭದಲ್ಲಿ, “ಪಹಣಿಯಲ್ಲಿ ನನ್ನ ಹೆಸರಿರುವಾಗ ಅದರ ಕೆಳಗೆ ಬೇರೆಯವರು ಕೊಳವೆ ಹಾಕುವುದು ಹೇಗೆ?” ಎಂಬ ಪ್ರಶ್ನೆಯನ್ನು ಸಾರ್ವಜನಿಕರು ಸಹಜವಾಗಿಯೇ ಕೇಳುತ್ತಾರೆ. ನೆಲದ ಮೇಲ್ಮೈಯನ್ನು ಬಳಸುವ ಹಕ್ಕು, ನೆಲದ ಒಡೆತನ ಹಾಗೂ ನೆಲದ ಕೆಳಭಾಗವನ್ನು ಬಳಸುವ ಹಕ್ಕು, ಈ ಮೂರೂ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕವಾದವು. ಇದನ್ನು ಸ್ಪಷ್ಟಪಡಿಸುವ ಪ್ರಮುಖ ಪ್ರಕರಣವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದಲ್ಲಿ 2020ನೇ ಇಸವಿಯಲ್ಲಿ ತೀರ್ಮಾನವಾಗಿದೆ. ಸದರಿ ಪ್ರಕರಣದ ವಿವರವನ್ನೂ, ನಮ್ಮ ದೇಶದ ಕಾನೂನಿನಲ್ಲಿ ಭೂಮಾಲೀಕರಿಗೆ ಇರುವ ಹಕ್ಕು ಮತ್ತು ಕಾಲಮಿತಿಗಳನ್ನೂ ಈ ಕೆಳಗೆ ನೀಡಲಾಗಿದೆ.

2. ಅಪಲೇಷಿಯನ್ ನಡೆದಾರಿ

ಅಮೆರಿಕದ ಪೂರ್ವ ಭಾಗದ ಬೆಟ್ಟಸಾಲಿನ ಮೇಲೆ ಹಾದುಹೋಗುವ ಅಪಲೇಷಿಯನ್ ನಡೆದಾರಿಯು ದಕ್ಷಿಣದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಉತ್ತರದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯಗಳನ್ನು ದಾಟುತ್ತದೆ. ಇದರ ಉದ್ದ ಸುಮಾರು 3,500 ಕಿ.ಮೀ. ಬೆಂಟನ್ ಮೆಕೈ ಎಂಬುವರು 1921ರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿಯು ಪೂರ್ಣಗೊಂಡಿತು. 1968ರ ರಾಷ್ಟ್ರೀಯ ನಡೆದಾರಿ ವ್ಯವಸ್ಥೆ ಅಧಿನಿಯಮದ ಮೂಲಕ ಇದಕ್ಕೆ ರಾಷ್ಟ್ರೀಯ ಮಾನ್ಯತೆ ದೊರೆಯಿತು.

ದಾರಿಯ ಆಡಳಿತದ ಹೊಣೆಯು ಒಳಾಡಳಿತ ಇಲಾಖೆಯ ಅಧೀನದಲ್ಲಿರುವ ರಾಷ್ಟ್ರೀಯ ಉದ್ಯಾನ ಸೇವೆಗೆ ಸೇರಿದೆ. ಆದರೆ ದಾರಿಯು ಹಾದುಹೋಗುವ ನೆಲವು ಎಲ್ಲ ಕಡೆಯೂ ಆ ಸಂಸ್ಥೆಯದಲ್ಲ. ಹಲವೆಡೆ ಅದು ಕೃಷಿ ಇಲಾಖೆಯ ಅಧೀನದ ಅರಣ್ಯ ಸೇವೆಗೆ ಸೇರಿದ ಕಾಡು. ಅರಣ್ಯ ಸೇವೆಯು ಸುಮಾರು 780 ಮೈಲಿ (1,255 ಕಿ.ಮೀ.) ದಾರಿಗೆ ಸಂಬಂಧಿಸಿದಂತೆ ದಾರಿ ಹಕ್ಕಿನ ಒಪ್ಪಂದಗಳನ್ನು ಉದ್ಯಾನ ಸೇವೆಯೊಂದಿಗೆ ಮಾಡಿಕೊಂಡಿದೆ. ಮುಂದೆ ಉದ್ಭವಿಸಿದ ವಿವಾದದ ಮೂಲ ಇದೇ ಆಗಿದೆ.

3. ಉದ್ದೇಶಿತ ಕೊಳವೆ ಮಾರ್ಗ

ಡೊಮಿನಿಯನ್ ಮತ್ತು ಡ್ಯೂಕ್ ಎನರ್ಜಿ ಕಂಪನಿಗಳು 2014ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕೊಳವೆ ಮಾರ್ಗ ಎಂಬ ಯೋಜನೆಯನ್ನು ಪ್ರಕಟಿಸಿದವು. ಪಶ್ಚಿಮ ವರ್ಜೀನಿಯಾದಿಂದ ವರ್ಜೀನಿಯಾದ ಮೂಲಕ ಉತ್ತರ ಕೆರೊಲಿನಾದವರೆಗೆ ಸುಮಾರು 600 ಮೈಲಿ (970 ಕಿ.ಮೀ.) ದೂರ ನೈಸರ್ಗಿಕ ಅನಿಲವನ್ನು ಸಾಗಿಸುವುದು ಇದರ ಉದ್ದೇಶವಾಗಿತ್ತು. 2017ರ ಅಕ್ಟೋಬರ್‌ನಲ್ಲಿ ಫೆಡರಲ್ ಇಂಧನ ನಿಯಂತ್ರಣ ಆಯೋಗವು ಯೋಜನೆಗೆ ಅನುಮೋದನೆ ನೀಡಿತು. ಮಾರ್ಗವು ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ರಾಷ್ಟ್ರೀಯ ಅರಣ್ಯದಲ್ಲಿ ನಡೆದಾರಿಯನ್ನು ಅಡ್ಡ ದಾಟಬೇಕಾಗಿತ್ತು. ಅಲ್ಲಿ ದಾರಿಯಿಂದ ಸುಮಾರು 600 ಅಡಿ (180 ಮೀಟರ್) ಆಳದಲ್ಲಿ, ಒಂದು ಮೈಲಿಯ ಹತ್ತನೆಯ ಒಂದು ಭಾಗದಷ್ಟು ಉದ್ದದ ಕೊಳವೆಯನ್ನು ಹಾಕಲು 2018ರಲ್ಲಿ ಅರಣ್ಯ ಸೇವೆಯು ಅನುಮತಿ ನೀಡಿತು.

4. ದಾರಿಯನ್ನು ಅಗೆಯದೆ ಕೊಳವೆ ಹಾಕುವ ವಿಧಾನ

ಸಾಮಾನ್ಯವಾಗಿ ಕಂದಕ ತೋಡಿ, ಕೊಳವೆ ಇಳಿಸಿ, ಮಣ್ಣು ಮುಚ್ಚಲಾಗುತ್ತದೆ. ನದಿ, ಹೆದ್ದಾರಿ, ರೈಲು ಹಳಿ ಮುಂತಾದವುಗಳ ಮೇಲ್ಮೈಯನ್ನು ಕೆಡಿಸಬಾರದಾದ ಸ್ಥಳಗಳಲ್ಲಿ ಅಡ್ಡ ಕೊರೆಯುವ ವಿಧಾನವನ್ನು ಅನುಸರಿಸಲಾಗುತ್ತದೆ. ಇದರ ಹಂತಗಳು ಹೀಗಿವೆ:

(ಅ) ಒಂದು ಬದಿಯಿಂದ ಓರೆಯಾಗಿ ಸಣ್ಣ ರಂಧ್ರವನ್ನು ಕೊರೆದು, ನಿಗದಿತ ಆಳ ತಲುಪಿದ ಮೇಲೆ ಅದನ್ನು ಇನ್ನೊಂದು ಬದಿಗೆ ಹೊರಡಿಸುವುದು.
(ಆ) ರಂಧ್ರವನ್ನು ಹಂತ ಹಂತವಾಗಿ ಕೊಳವೆಯ ಗಾತ್ರಕ್ಕಿಂತ ಹೆಚ್ಚು ಅಗಲಗೊಳಿಸುವುದು.
(ಇ) ಬೆಸುಗೆ ಹಾಕಿ ಪರೀಕ್ಷಿಸಿದ ಕೊಳವೆಯನ್ನು ಆ ರಂಧ್ರದೊಳಗೆ ಎಳೆದುಕೊಳ್ಳುವುದು.

ಕೊರೆಯುವಾಗ ರಂಧ್ರ ಕುಸಿಯದಂತೆಯೂ, ಪುಡಿಯಾದ ಕಲ್ಲುಮಣ್ಣು ಹೊರಬರುವಂತೆಯೂ ಬೆಂಟೊನೈಟ್ ಜೇಡಿಯನ್ನು ಬೆರೆಸಿದ ನೀರನ್ನು ಒಳಗೆ ಹಾಯಿಸಲಾಗುತ್ತದೆ. ಬಂಡೆಯಲ್ಲಿ ಬಿರುಕುಗಳಿದ್ದಲ್ಲಿ ಈ ಕೆಸರು ಹಳ್ಳ ಅಥವಾ ನೀರಿನ ಸೆಲೆಗೆ ಹೊರಚಿಮ್ಮುವ ಸಂಭವವಿರುವುದರಿಂದ ಪೂರ್ವಭಾವಿ ಭೂಪರೀಕ್ಷೆ ಅಗತ್ಯ.

ಮೇಲ್ಕಂಡ ಯೋಜನೆಯಲ್ಲಿ ಪ್ರವೇಶ ರಂಧ್ರವು ನಡೆದಾರಿಯಿಂದ ಸುಮಾರು 1,400 ಅಡಿ ಹಾಗೂ ನಿರ್ಗಮನ ರಂಧ್ರವು ಸುಮಾರು 3,400 ಅಡಿ ದೂರದಲ್ಲಿರಬೇಕಾಗಿತ್ತು. ದಾರಿಯ ಮೇಲ್ಮೈಯನ್ನು ಅಗೆಯುವ ಪ್ರಸ್ತಾವ ಇರಲಿಲ್ಲ.

5. ವಿವಾದದ ಸ್ವರೂಪ

1920ರ ಖನಿಜ ಗುತ್ತಿಗೆ ಅಧಿನಿಯಮದ ಪ್ರಕಾರ ಫೆಡರಲ್ ಸರ್ಕಾರದ ಭೂಮಿಯಲ್ಲಿ ಕೊಳವೆ ಮಾರ್ಗಕ್ಕೆ ಅನುಮತಿ ನೀಡಬಹುದು. ಆದರೆ ರಾಷ್ಟ್ರೀಯ ಉದ್ಯಾನ ವ್ಯವಸ್ಥೆಗೆ ಸೇರಿದ ಭೂಮಿಯನ್ನು ಅದರಿಂದ ಹೊರಗಿಡಲಾಗಿದೆ. ನಡೆದಾರಿಯನ್ನು ಉದ್ಯಾನ ಸೇವೆಯು ನಿರ್ವಹಿಸುತ್ತಿರುವುದರಿಂದ ದಾರಿಯ ಕೆಳಗಿನ ನೆಲವೂ ಉದ್ಯಾನ ವ್ಯವಸ್ಥೆಗೆ ಸೇರಿದ್ದು, ಅಲ್ಲಿ ಅನುಮತಿ ನೀಡಲು ಅರಣ್ಯ ಸೇವೆಗೆ ಅಧಿಕಾರವಿಲ್ಲ ಎಂಬುದು ಕೌಪಾಶ್ಚರ್ ನದಿ ಸಂರಕ್ಷಣಾ ಸಂಘ ಮತ್ತಿತರರ ವಾದವಾಗಿತ್ತು. ನಾಲ್ಕನೇ ವಲಯದ ಮೇಲ್ಮನವಿ ನ್ಯಾಯಾಲಯವು 2018ರ ಡಿಸೆಂಬರ್‌ನಲ್ಲಿ ಈ ವಾದವನ್ನು ಒಪ್ಪಿ, ಪರಿಸರ ಪರಿಶೀಲನೆಯ ಲೋಪಗಳನ್ನೂ ಎತ್ತಿ ತೋರಿಸಿ, ಅನುಮತಿಯನ್ನು ರದ್ದುಪಡಿಸಿತು.

6. ಸರ್ವೋಚ್ಚ ನ್ಯಾಯಾಲಯದ ತೀರ್ಪು

2020ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯವು 7–2 ಬಹುಮತದಿಂದ ಕೆಳ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದರು. ಒಬ್ಬರ ನೆಲದ ಮೇಲೆ ಇನ್ನೊಬ್ಬರಿಗೆ ದಾರಿ ಹಕ್ಕು ಕೊಟ್ಟ ಮಾತ್ರಕ್ಕೆ ನೆಲದ ಒಡೆತನ ವರ್ಗಾವಣೆಯಾಗುವುದಿಲ್ಲ. ಉದ್ಯಾನ ಸೇವೆಗೆ ದೊರೆತದ್ದು ದಾರಿಗೆ ಸೀಮಿತವಾದ ಹಕ್ಕು ಮಾತ್ರ. ಕಾಡಿನ ನೆಲ ಅರಣ್ಯ ಸೇವೆಯಲ್ಲಿಯೇ ಉಳಿದಿದೆ. ಆದ್ದರಿಂದ ಅನುಮತಿ ನೀಡುವ ಅಧಿಕಾರವೂ ಅದಕ್ಕೇ ಇದೆ ಎಂಬುದು ಇದರ ಸಾರಾಂಶ.

ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಎಲೆನಾ ಕೇಗನ್ ಅದಕ್ಕೆ ಸಹಮತ ಸೂಚಿಸಿದರು. ನಡೆದಾರಿ ಎಂಬುದು ನೆಲದಿಂದ ಬೇರ್ಪಡಿಸಲಾಗದ ವಸ್ತು. ಅದು ಉದ್ಯಾನ ವ್ಯವಸ್ಥೆಯ ಒಂದು ಘಟಕವಾಗಿರುವಾಗ ಅದರ ನೆಲವೂ ಆ ವ್ಯವಸ್ಥೆಯದೇ ಎಂಬುದು ಅವರ ಅಭಿಪ್ರಾಯವಾಗಿತ್ತು.

7. ತೀರ್ಪಿನ ನಂತರ ನಡೆದದ್ದು

ತೀರ್ಪು ಕಂಪನಿಗಳ ಪರವಾಗಿಯೇ ಬಂದಿದ್ದರೂ ಕೇವಲ 20 ದಿನಗಳಲ್ಲಿ, ಅಂದರೆ 2020ರ ಜುಲೈ 5ರಂದು, ಅವು ಯೋಜನೆಯನ್ನು ಕೈಬಿಟ್ಟವು. ಆರಂಭದಲ್ಲಿ ಸುಮಾರು 500 ಕೋಟಿ ಡಾಲರ್ ಒಳಗಿದ್ದ ಅಂದಾಜು ವೆಚ್ಚವು ಆ ವೇಳೆಗೆ ಸುಮಾರು 800 ಕೋಟಿ ಡಾಲರಿಗೆ ಏರಿತ್ತು. ಇತರ ಅನುಮತಿಗಳೂ ಬಾಕಿ ಉಳಿದಿದ್ದವು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ನೆಲೆಸಿದ್ದ ಯೂನಿಯನ್ ಹಿಲ್ ಎಂಬ ವರ್ಜೀನಿಯಾದ ಊರಿನ ಬಳಿ ಸ್ಥಾಪಿಸಬೇಕಿದ್ದ ಅನಿಲ ಒತ್ತಡ ಕೇಂದ್ರದ ಪರವಾನಗಿಯನ್ನು, ಅಲ್ಲಿನ ನಿವಾಸಿಗಳ ಆರೋಗ್ಯದ ಮೇಲಿನ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲವೆಂಬ ಕಾರಣದಿಂದ, 2020ರ ಜನವರಿಯಲ್ಲಿಯೇ ನ್ಯಾಯಾಲಯವು ರದ್ದುಪಡಿಸಿತ್ತು.

ಇದಕ್ಕೆ ವ್ಯತಿರಿಕ್ತವಾಗಿ, ಇದೇ ನಡೆದಾರಿಯನ್ನು ಜೆಫರ್ಸನ್ ರಾಷ್ಟ್ರೀಯ ಅರಣ್ಯದಲ್ಲಿ ದಾಟುವ ಮೌಂಟನ್ ವ್ಯಾಲಿ ಕೊಳವೆ ಮಾರ್ಗಕ್ಕೆ (303 ಮೈಲಿ) 2023ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಶಾಸನದ ಮೂಲಕವೇ ಅನುಮೋದನೆ ನೀಡಿತು. ಅದು 2024ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು.

8. ನಮ್ಮ ರಾಜ್ಯದ ಸಂದರ್ಭ

ದಾಭೋಲ್–ಬೆಂಗಳೂರು ಮತ್ತು ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗಗಳು ಹಾಗೂ ಪಶ್ಚಿಮ ಘಟ್ಟವನ್ನು ದಾಟುವ ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ ಮಾರ್ಗ ಕರ್ನಾಟಕದಲ್ಲಿವೆ. ಮೇಲಿನ ಪ್ರಕರಣದಲ್ಲಿ ಕಂಡ ಮೇಲ್ಮೈ ಮತ್ತು ನೆಲದ ಭೇದವು ನಮ್ಮಲ್ಲಿಯೂ ಅನ್ವಯಿಸುತ್ತದೆ. ಆದರೆ ವಿವರಗಳು ಬೇರೆ:

(ಅ) ಸಾರ್ವಜನಿಕ ರಸ್ತೆ, ಓಣಿ ಮತ್ತು ಕಾಲುದಾರಿಗಳು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದ ಮೇರೆಗೆ ರಾಜ್ಯ ಸರ್ಕಾರದ ಸ್ವತ್ತು.
(ಆ) ಖಾಸಗಿ ಹಿಡುವಳಿಯಲ್ಲಿ ನೆರೆಯವರಿಗೆ ಕೇವಲ ದಾರಿ ಹಕ್ಕು ಇದ್ದಲ್ಲಿ ನೆಲದ ಒಡೆತನ ಖಾತೆದಾರರದೇ ಆಗಿರುತ್ತದೆ.
(ಇ) ಅರಣ್ಯದ ಚಾರಣ ದಾರಿಯಲ್ಲಿ ನಡೆಯಲು ಪಡೆದ ಅನುಮತಿಯಿಂದ ನೆಲದ ಮೇಲೆ ಯಾವ ಹಕ್ಕೂ ಉಂಟಾಗುವುದಿಲ್ಲ. ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾನೂನಿನ ಅನ್ವಯ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಬೇಕು.

9. ಖಾಸಗಿ ಜಮೀನಿನಲ್ಲಿ ಅನ್ವಯವಾಗುವ ಕಾನೂನು

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ (ಭೂಮಿಯ ಉಪಯೋಗದ ಹಕ್ಕಿನ ಸ್ವಾಧೀನ) ಅಧಿನಿಯಮದ ಅಡಿಯಲ್ಲಿ ಜಮೀನನ್ನಲ್ಲ, ಅದರ ಉಪಯೋಗದ ಹಕ್ಕನ್ನು ಮಾತ್ರ ಸ್ವಾಧೀನಪಡಿಸಿಕೊಳ್ಳಲಾಗುತ್ತದೆ. ಪ್ರಮುಖ ಅಂಶಗಳು:

(ಅ) ಪ್ರಕರಣ 3: ಕೇಂದ್ರ ಸರ್ಕಾರವು ತನ್ನ ಉದ್ದೇಶವನ್ನು ರಾಜಪತ್ರದಲ್ಲಿ ಅಧಿಸೂಚಿಸುತ್ತದೆ.
(ಆ) ಪ್ರಕರಣ 5: ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡತಕ್ಕದ್ದು.
(ಇ) ಪ್ರಕರಣ 6: ಅಧಿಸೂಚನೆಯ ದಿನಾಂಕದಿಂದ ಒಂದು ವರ್ಷದೊಳಗೆ ಸ್ವಾಧೀನದ ಘೋಷಣೆ ಪ್ರಕಟವಾಗದಿದ್ದಲ್ಲಿ ಅಧಿಸೂಚನೆಯು ಊರ್ಜಿತವಾಗಿರುವುದಿಲ್ಲ.
(ಈ) ಪ್ರಕರಣ 7: ಅಧಿಸೂಚನೆಗೆ ಮುಂಚೆ ವಾಸಕ್ಕೆ ಬಳಸುತ್ತಿದ್ದ ಜಾಗ, ಶಾಶ್ವತ ಕಟ್ಟಡವಿರುವ ಜಾಗ ಮತ್ತು ವಾಸದ ಮನೆಗೆ ಹೊಂದಿಕೊಂಡ ಜಾಗದ ಕೆಳಗೆ ಕೊಳವೆ ಹಾಕುವಂತಿಲ್ಲ. ಮೇಲ್ಮೈಯಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿಯೂ ಹಾಕುವಂತಿಲ್ಲ.
(ಉ) ಪ್ರಕರಣ 9: ಮಾಲೀಕರು ಹಿಂದಿನಂತೆ ಬೆಳೆ ಬೆಳೆಯಬಹುದು. ಆದರೆ ಕಟ್ಟಡ ಕಟ್ಟುವುದು, ಬಾವಿ ಅಥವಾ ಕೆರೆ ತೋಡುವುದು, ಮರ ನೆಡುವುದು ನಿಷಿದ್ಧ.

10. ಪರಿಹಾರದ ಲೆಕ್ಕ

ಪ್ರಕರಣ 10ರ ಮೇರೆಗೆ ಎರಡು ಬಗೆಯ ಪರಿಹಾರ ದೊರೆಯುತ್ತದೆ. ಮೊದಲನೆಯದು ಕಾಮಗಾರಿಯಿಂದ ಬೆಳೆ, ಮರ ಹಾಗೂ ಇತರ ಸ್ವತ್ತಿಗೆ ಆದ ನಷ್ಟ. ಎರಡನೆಯದು ಉಪಯೋಗದ ಹಕ್ಕಿಗಾಗಿ, ಅಧಿಸೂಚನೆಯ ದಿನಾಂಕದಂದು ಇದ್ದ ಮಾರುಕಟ್ಟೆ ಮೌಲ್ಯದ ಶೇ. 10.

ಉದಾಹರಣೆ: ಎಕರೆಗೆ 20 ಲಕ್ಷ ರೂ. ಮೌಲ್ಯದ ಜಮೀನಿನಲ್ಲಿ 10 ಗುಂಟೆ ಪಟ್ಟಿಯ ಉಪಯೋಗದ ಹಕ್ಕನ್ನು ಪಡೆದರೆಂದು ಭಾವಿಸಿದಲ್ಲಿ, ಆ ಪಟ್ಟಿಯ ಮೌಲ್ಯ 5 ಲಕ್ಷ ರೂ. ಆಗುತ್ತದೆ. ಅದರ ಶೇ. 10ರಂತೆ ದೊರೆಯುವ ಮೊತ್ತ 50,000 ರೂ. ಬೆಳೆ ಮತ್ತು ಮರಗಳ ನಷ್ಟ ಇದಕ್ಕೆ ಪ್ರತ್ಯೇಕ.

ಈ ಹಣ ಒಂದು ಸಲ ಮಾತ್ರ ಬರುತ್ತದೆ. ಮರ ನೆಡಬಾರದೆಂಬ ನಿರ್ಬಂಧವಾದರೋ ಉಪಯೋಗದ ಹಕ್ಕು ಇರುವವರೆಗೂ ಮುಂದುವರಿಯುತ್ತದೆ. ರಾಗಿ, ಜೋಳದಂತಹ ಬೆಳೆಯ ಹೊಲಕ್ಕಿಂತ ಅಡಿಕೆ, ತೆಂಗಿನ ತೋಟಕ್ಕೆ ಇದರ ಪರಿಣಾಮ ಹೆಚ್ಚು. ಆದ್ದರಿಂದ ತೋಟದ ಮಾಲೀಕರು ಪರಿಹಾರದ ಮೊತ್ತವನ್ನು ನೋಡುವುದಕ್ಕೆ ಮೊದಲು ಮಾರ್ಗದ ನಕ್ಷೆಯನ್ನು ನೋಡುವುದು ಒಳಿತು. ಸಕ್ಷಮ ಪ್ರಾಧಿಕಾರ ನಿಗದಿಪಡಿಸಿದ ಪರಿಹಾರ ಒಪ್ಪಿಗೆಯಾಗದಿದ್ದಲ್ಲಿ ಜಮೀನು ಇರುವ ಪ್ರದೇಶದ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು.

11. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಅಧಿಸೂಚನೆಯಲ್ಲಿರುವ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಪಹಣಿ ಹಾಗೂ ಗ್ರಾಮ ನಕಾಶೆಯೊಂದಿಗೆ ತಾಳೆ ನೋಡತಕ್ಕದ್ದು.
(ಆ) ಮೃತ ಹಿರಿಯರ ಹೆಸರಿನಲ್ಲಿಯೇ ಖಾತೆ ಉಳಿದಿದ್ದಲ್ಲಿ ಪೌತಿ ಖಾತೆ ಬದಲಾವಣೆಗೆ ಕೂಡಲೇ ಅರ್ಜಿ ಸಲ್ಲಿಸುವುದು. ಪರಿಹಾರ ಪಾವತಿಯ ವೇಳೆ ತೊಡಕಾಗುವುದನ್ನು ಇದರಿಂದ ತಪ್ಪಿಸಬಹುದು.
(ಇ) ಮನೆ, ಬಾವಿ, ಮರಗಳ ವಿವರವನ್ನು ಆಕ್ಷೇಪಣೆಯಲ್ಲಿ ಎಣಿಕೆ ಸಹಿತ ನಮೂದಿಸಿ, ಸ್ವೀಕೃತಿ ಪಡೆಯತಕ್ಕದ್ದು.
(ಈ) ಪರಿಹಾರವನ್ನು ಮಾತ್ರ ಪ್ರಶ್ನಿಸುವ ಅರ್ಜಿಯನ್ನು ಮಾರ್ಗಕ್ಕೆ ಸಂಬಂಧಿಸಿದ ಆಕ್ಷೇಪಣೆಯೊಂದಿಗೆ ಬೆರೆಸಬಾರದು. ಎರಡಕ್ಕೂ ಹಂತಗಳು ಬೇರೆ.
(ಉ) ಜಮೀನು ಖರೀದಿಸುವವರು ಅದರಲ್ಲಿ ಉಪಯೋಗದ ಹಕ್ಕು ಸ್ವಾಧೀನವಾಗಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ನಿರ್ಬಂಧವು ಹೊಸ ಮಾಲೀಕರಿಗೂ ಅನ್ವಯಿಸುತ್ತದೆ.

ಅಮೆರಿಕದ ಪ್ರಕರಣದಲ್ಲಿ ಆಕ್ಷೇಪಣೆದಾರರು ಒಂದು ಅಂಶದಲ್ಲಿ ಸೋತರೂ, ಇತರ ಅನುಮತಿಗಳ ಬಗ್ಗೆ ಸಕಾಲದಲ್ಲಿ ಎತ್ತಿದ್ದ ಪ್ರಶ್ನೆಗಳು ಉಳಿದುಕೊಂಡವು. ಅವಧಿ ಮೀರಿದ ಆಕ್ಷೇಪಣೆಗೆ ಆ ಬಲ ಇರುವುದಿಲ್ಲ. ಆದಕಾರಣ 21 ದಿನಗಳ ಅವಧಿಯನ್ನು ತಪ್ಪದೆ ಪಾಲಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಮೂಲ ಅಧಿನಿಯಮ ಮತ್ತು ರಾಜಪತ್ರದಲ್ಲಿ ಪ್ರಕಟವಾದ ಅಧಿಸೂಚನೆಗಳೇ ಅಂತಿಮವಾಗಿರುತ್ತವೆ.