ಮಟ್ಟಿ ಅಗೆಯುವ ಹೊತ್ತು: ದೇಹಸಾಧನೆಯಲ್ಲಿ ಮುಂದೂಡಿಕೆಯ ಪ್ರಶ್ನೆ ಮತ್ತು ಹಳಿಯಾಳ ಸೀಮೆಯ ಸಾಕ್ಷ್ಯ

ವ್ಯಾಯಾಮ ಮಾಡಲೇಬೇಕೆಂದು ಮನಸಾರೆ ನಿಶ್ಚಯಿಸಿದವರೂ ಅದನ್ನು ನಾಳೆಗೆ ತಳ್ಳುತ್ತಾರೆ. ಇದಕ್ಕೆ ಕಾರಣವೇನು ಎಂಬ ಚರ್ಚೆಗೆ ಪಿಯರ್ಸ್ ಸ್ಟೀಲ್ 2007ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಂದಿಗೂ ಬುನಾದಿ. ಮುಂದೂಡಿಕೆಯೆಂದರೆ ಸ್ವನಿಯಂತ್ರಣದ ಸೋಲಿನ ಅಪ್ಪಟ ಮಾದರಿ ಎಂದು ಅದರ ಶೀರ್ಷಿಕೆಯೇ ಹೇಳುತ್ತದೆ. ಅಂದರೆ ಸೋತವನು ವ್ಯಕ್ತಿ. ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಸೀಮೆಯ ದೇಹಸಾಧನೆಯ ರೂಢಿಗಳನ್ನು ಎದುರಿಗಿಟ್ಟುಕೊಂಡರೆ ಈ ನಿಲುವು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ವಿಷಯ ಸಣ್ಣದಲ್ಲ. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಅಂದಾಜಿಸಿದೆ.

ಈವರೆಗಿನ ಅಧ್ಯಯನಗಳಲ್ಲಿ ಹೆಚ್ಚಿನ ತಕರಾರಿಲ್ಲದ ಅಂಶಗಳನ್ನು ಮೊದಲು ಹೇಳಿಬಿಡಬಹುದು. ತಡಮಾಡಿದರೆ ನಷ್ಟ ತನಗೇ ಎಂದು ತಿಳಿದೂ ಬೇಕೆಂದೇ ತಡಮಾಡುವುದು ಮುಂದೂಡಿಕೆ. ಸಿರೋಯಿಸ್ ಮತ್ತು ಪಿಚಿಲ್ 2013ರಲ್ಲಿ ತೋರಿಸಿದಂತೆ ಅದು ಆ ಕ್ಷಣದ ಬೇಸರದಿಂದ ತಪ್ಪಿಸಿಕೊಳ್ಳುವ ದಾರಿ. ಎಂದು, ಎಲ್ಲಿ, ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಕಾರ್ಯಕ್ಕಿಳಿಯುತ್ತಾರೆ ಎಂಬುದು ಗೋಲ್‌ವಿಟ್ಸರ್ ಅವರ ಪ್ರತಿಪಾದನೆ. 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ಹೀಗೆ ಗೊತ್ತುಮಾಡಿಕೊಂಡವರ ಪೈಕಿ 91% ಮಂದಿ ಆ ವಾರ ವ್ಯಾಯಾಮ ಮಾಡಿದರು. ಏನನ್ನೂ ಹೇಳಿಸಿಕೊಳ್ಳದ ಗುಂಪಿನಲ್ಲಿ ಮಾಡಿದವರು 38%. ಬರಿಯ ಉತ್ತೇಜನದ ಮಾತು ಕೇಳಿದವರ ಪ್ರಮಾಣ ಇದಕ್ಕಿಂತ ಮೇಲೇರಲಿಲ್ಲ.

ತಕರಾರು ಹುಟ್ಟುವುದು ಇಲ್ಲಿಂದ ಮುಂದೆ. ಒಂದು ವಾರದ ಫಲ ವರ್ಷಗಟ್ಟಲೆ ಉಳಿಯುತ್ತದೆಯೇ? ಅಮೆರಿಕದ ಜಿಮ್ ಸದಸ್ಯರಲ್ಲಿ 61,293 ಮಂದಿಯ ಮೇಲೆ 54 ಬಗೆಯ ನಾಲ್ಕು ವಾರಗಳ ಉಪಾಯಗಳನ್ನು ಪರೀಕ್ಷಿಸಿದ ಮಿಲ್ಕ್‌ಮನ್ ಮತ್ತು ಸಂಗಡಿಗರ 2021ರ ಅಧ್ಯಯನದಲ್ಲಿ 45% ಉಪಾಯಗಳು ಜಿಮ್‌ಗೆ ಬರುವುದನ್ನು ಹೆಚ್ಚಿಸಿದವು. ಆದರೆ ನಾಲ್ಕು ವಾರ ಮುಗಿದ ಮೇಲೆ ಅಳೆಯಲು ಸಿಗುವಷ್ಟು ಪರಿಣಾಮ ಉಳಿಸಿದವು 8% ಮಾತ್ರ. ನೆನಪಿಸುವ ಕೈ ಹಿಂದೆ ಸರಿದೊಡನೆ ಸಂಕಲ್ಪವೂ ಸಡಿಲವಾಯಿತು. ಇದನ್ನು ಸದಸ್ಯರ ಮನೋದೌರ್ಬಲ್ಯವೆಂದು ಓದಬಹುದು. ಆ ಕೈ ಯಾವತ್ತೂ ಸರಿಯದಿರುವ ನೆಲೆ ಎಲ್ಲಾದರೂ ಇದೆಯೇ ಎಂದು ಹುಡುಕುವುದು ಇನ್ನೊಂದು ದಾರಿ. ಹಳಿಯಾಳದ ಗರಡಿ ಅಂಥದೊಂದು ನೆಲೆಯೆಂದು ನನ್ನ ವಾದ.

ಹಳಿಯಾಳ ಉತ್ತರ ಕನ್ನಡದಲ್ಲಿ ಕುಸ್ತಿಗೆ ಹೆಸರಾದ ತಾಲ್ಲೂಕು. ರಾಜ್ಯ ಸರ್ಕಾರದ ಕುಸ್ತಿ ಕ್ರೀಡಾ ನಿಲಯ ಇಲ್ಲಿದೆ. ಗರಡಿಯ ಬೆಳಗನ್ನು ತುಸು ಹತ್ತಿರದಿಂದ ನೋಡಬೇಕು. ಬಂದವರು ಮೊದಲು ಕೈಗೆತ್ತಿಕೊಳ್ಳುವುದು ಸಲಿಕೆಯನ್ನು. ತುಳಿದು ಗಟ್ಟಿಯಾದ ಕೆಂಪು ಮಟ್ಟಿಯನ್ನು ಅಗೆದು, ಹೆಂಟೆ ಒಡೆದು, ಸಮ ಮಾಡಬೇಕು. ಆಗಾಗ ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸುತ್ತಾರೆ. ಅಗೆಯುವಷ್ಟರಲ್ಲಿ ಮೈ ಬೆವರುತ್ತದೆ. ಆಮೇಲೆ ದಂಡ, ಬೈಠಕ್, ಜೋಡಿಗೆ ಸಿಕ್ಕವನ ಸಂಗಡ ಪಟ್ಟುಗಳ ಅಭ್ಯಾಸ. ಇಂದು ಮನಸ್ಸಿದೆಯೇ ಎಂದು ಹುಡುಗನನ್ನು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಏಳುವ ಮೊದಲೇ ಸಲಿಕೆ ಅವನ ಕೈಯಲ್ಲಿರುತ್ತದೆ.

ಈ ಕ್ರಮ ಸ್ಟೀಲ್ ಅವರ ಸಿದ್ಧಾಂತವನ್ನು ಎರಡು ಕಡೆ ತಾಗುತ್ತದೆ. ಫಲದ ನಿರೀಕ್ಷೆ ಮತ್ತು ಅದರ ಬೆಲೆ ಹುಮ್ಮಸ್ಸನ್ನು ಹೆಚ್ಚಿಸುತ್ತವೆ; ಫಲ ದೂರವಾದಷ್ಟೂ, ಮನಸ್ಸು ಚಂಚಲವಾದಷ್ಟೂ ಹುಮ್ಮಸ್ಸು ಕುಗ್ಗುತ್ತದೆ ಎಂಬುದು ಅವರ ಸೂತ್ರ. ಆರೋಗ್ಯದ ಫಲ ವರ್ಷಗಳಾಚೆ ಇರುವುದರಿಂದ ವ್ಯಾಯಾಮ ಸದಾ ಸೋಲುವ ಕಡೆಯೇ ಇರುತ್ತದೆ. ಗರಡಿಯಲ್ಲಾದರೋ ತಪ್ಪಿಸಿಕೊಂಡದ್ದರ ನಷ್ಟ ಆ ಬೆಳಿಗ್ಗೆಯೇ ಕಾಣುತ್ತದೆ: ಜೋಡಿಯವನು ಖಾಲಿ ನಿಲ್ಲುತ್ತಾನೆ, ಅಗೆತದ ಭಾರ ಉಳಿದವರ ಮೇಲೆ ಬೀಳುತ್ತದೆ, ವಸ್ತಾದರು ವಿಚಾರಿಸುತ್ತಾರೆ. ಜಾತ್ರೆಯ ಕುಸ್ತಿ ಕಣದ ದಿನಾಂಕವನ್ನು ಗೊತ್ತುಮಾಡುವುದು ಊರು. ಪೈಲ್ವಾನನ ಅನುಕೂಲಕ್ಕೆ ಅದು ಮುಂದೆ ಹೋಗುವುದಿಲ್ಲ. ದೂರವಿದ್ದ ಫಲವನ್ನು ಹೀಗೆ ಹತ್ತಿರಕ್ಕೆ ಎಳೆದು ತರುವುದು ಪೈಲ್ವಾನನ ಸ್ವಭಾವವಲ್ಲ, ಸ್ಥಳದ ಏರ್ಪಾಡು.

ಸ್ಟೀಲ್ ಅವರಿಗೆ ಅನ್ಯಾಯವಾಗದಂತೆ ಒಂದು ಮಾತು ಸೇರಿಸಬೇಕು. ಕೆಲಸದ ಸ್ವರೂಪ, ಫಲದ ಕಾಲ ಎರಡನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ. ಆದರೆ ಅವರ ಚೌಕಟ್ಟಿನಲ್ಲಿ ಅವು ಕೆಲಸಕ್ಕೆ ಅಂಟಿಬಂದ ಗುಣಗಳು. ಒಂದು ಸಮುದಾಯ ಅವನ್ನು ಬದಲಿಸಬಲ್ಲದು ಎಂಬ ಸಾಧ್ಯತೆಗೆ ಅಲ್ಲಿ ಜಾಗ ಕಡಿಮೆ. ಕಾಶಿಯ ಅಖಾಡಗಳನ್ನು ಕುರಿತ ಜೋಸೆಫ್ ಆಲ್ಟರ್ ಅವರ 1992ರ ಗ್ರಂಥವೂ ಹೆಚ್ಚು ಒತ್ತು ಕೊಡುವುದು ಪೈಲ್ವಾನನ ನೈತಿಕ ಶಿಸ್ತಿಗೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ' ಮಾತ್ರ ಬೇರೆ ದಿಕ್ಕು ತೋರಿಸುತ್ತದೆ. ಅದರ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಬಲಗಳಿಗೆ ತಕ್ಕಂತೆ ವಿಂಗಡಿಸುವುದು, ಅವರ ಆಹಾರ, ಸಾಧನೆಯ ಬಗೆಗಳು ಎಲ್ಲವೂ ಅರಮನೆಯ ಏರ್ಪಾಡಿನೊಳಗೆ ಬರುತ್ತವೆ.

ಈ ವಾದಕ್ಕೆ ಮಿತಿಗಳಿವೆ. ಗರಡಿಯಲ್ಲಿ ಕಣ್ಣಿಗೆ ಬೀಳುವವರು ಉಳಿದುಕೊಂಡವರು. ಬಿಟ್ಟುಹೋದವರು ಲೆಕ್ಕಕ್ಕೆ ಸಿಗುವುದಿಲ್ಲ. ಹಂಬಲವಿದ್ದವರೇ ಅಲ್ಲಿಗೆ ಹೋಗುತ್ತಾರಾದ್ದರಿಂದ ಫಲವನ್ನೆಲ್ಲ ಏರ್ಪಾಡಿಗೇ ಕಟ್ಟಲಾಗದು. ಸಾಂಪ್ರದಾಯಿಕ ಗರಡಿ ಹೆಣ್ಣುಮಕ್ಕಳನ್ನು ಬಹುಕಾಲ ಹೊರಗಿಟ್ಟಿತ್ತು. ಇಂದು ಹಳಿಯಾಳದ ಹುಡುಗಿಯರು ಕುಸ್ತಿಯಲ್ಲಿ ಹೆಸರು ಮಾಡುತ್ತಿರುವುದು ಆ ಏರ್ಪಾಡು ತಿದ್ದುಪಡಿಗೆ ಒಳಗಾದ ಮೇಲೆ. ಸ್ಪರ್ಧೆಗಾಗಿ ಮೈ ಹುರಿಗೊಳಿಸುವ ಹದಿನೆಂಟರ ಹುಡುಗನಿಗೆ ಸಲ್ಲುವ ಮಾತು ಸಕ್ಕರೆ ಕಾಯಿಲೆಯ ಐವತ್ತರ ಗೃಹಿಣಿಗೆ ಹಾಗೆಯೇ ಸಲ್ಲಬೇಕೆಂದಿಲ್ಲ.

ಇಷ್ಟಾಗಿಯೂ ಸಿದ್ದಿ ಕ್ರೀಡಾಪಟುಗಳ ಅನುಭವ ವಾದಕ್ಕೆ ಬಲ ಕೊಡುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಸೀಮೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಆಫ್ರಿಕ ಮೂಲದವರಿಗೆ ಓಟ ರಕ್ತದಲ್ಲೇ ಬಂದಿರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಮುಂದಿನ ದಶಕದ ಆರಂಭದಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಆ ಪ್ರಯತ್ನ ನಿಂತಿತು. ಅನೇಕರು ಆಟ ಬಿಟ್ಟು ಊರಿಗೋ ಉದ್ಯೋಗಕ್ಕೋ ಮರಳಿದರು. ಅವರ ಕಸುವಾಗಲಿ ಛಲವಾಗಲಿ ರಾತ್ರೋರಾತ್ರಿ ಕುಂದಿರಲಾರದು. ಕೈಬಿಟ್ಟದ್ದು ಮೈದಾನ, ಊಟ, ತರಬೇತುದಾರ, ಸರೀಕರ ಸಾಲು. ಇಲ್ಲಿ ಬಡತನದ ಪಾಲು ದೊಡ್ಡದು. ಹಾಗಾಗಿ ಇದನ್ನು ಮುಂದೂಡಿಕೆಯ ಶುದ್ಧ ಉದಾಹರಣೆಯೆಂದು ಹೇಳಲಾರೆ. ಆದರೆ ಸಂಕಲ್ಪ ಆಸರೆಯಿಲ್ಲದೆ ಎಷ್ಟು ದೂರ ನಡೆಯಬಲ್ಲದು ಎಂಬುದನ್ನು ಇದು ತೋರಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡದಲ್ಲಿ ಸಿದ್ದಿ ಮಕ್ಕಳಿಗೆ ತರಬೇತಿ ಮತ್ತೆ ಮೊದಲಾಗಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಸೀಮೆಯ ಉಳಿದ ಭಾಗಗಳು ಮಾತನ್ನು ಇನ್ನಷ್ಟು ತಿದ್ದುತ್ತವೆ. ಮುಂಡಗೋಡದ ಟಿಬೆಟನ್ ನೆಲೆಯ ಹಿರಿಯರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುವಾಗ ನಡಿಗೆ ಭಕ್ತಿಯ ಭಾಗ. ಅದನ್ನು ಬೇರೆಯಾಗಿ ನಿಶ್ಚಯಿಸಬೇಕಾಗಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಪಾಳಿ ಬದಲಾಗುತ್ತಿರುವವನಿಗೆ 'ದಿನಾ ಬೆಳಿಗ್ಗೆ ಆರಕ್ಕೆ' ಎಂಬ ಯೋಜನೆ ರಾತ್ರಿಪಾಳಿಯ ವಾರದಲ್ಲೇ ಮುರಿಯುತ್ತದೆ. ಅಂಥವರಿಗೆ ಗಡಿಯಾರಕ್ಕಿಂತ ಪಾಳಿ ಮುಗಿದ ಗಳಿಗೆಯನ್ನೇ ಗುರುತಾಗಿಸಿಕೊಳ್ಳುವುದು ಮತ್ತು ಅದೇ ಪಾಳಿಯ ಗೆಳೆಯನನ್ನು ಜೋಡಿ ಮಾಡಿಕೊಳ್ಳುವುದು ಲೇಸು. ಜೋಯಿಡಾದ ಕಾಡಂಚಿನಲ್ಲಿ ದಿನವಿಡೀ ಗದ್ದೆಯಲ್ಲಿ ದುಡಿಯುವ ಕುಣಬಿ ರೈತನಿಗೆ ವ್ಯಾಯಾಮ ಮುಂದೂಡುತ್ತಿದ್ದೀ ಎನ್ನುವುದೇ ಅಸಂಗತ.

ಈ ಸಾಕ್ಷ್ಯದಿಂದ ಹೊರಡುವ ಸಲಹೆ ಸರಳ: ಹೊತ್ತು, ಸ್ಥಳ, ಜೋಡಿ ಮೂರನ್ನೂ ಒಬ್ಬಂಟಿ ಮನಸ್ಸಿನ ಮೇಲೆ ಹೇರದೆ ಹಂಚಿಕೊಂಡ ಕಡೆ ನಾಳೆಯ ಸೆಳೆತ ಕಡಿಮೆ. ಶಾಲಾ ಮೈದಾನ, ಮಹಿಳಾ ಸ್ವಸಹಾಯ ಸಂಘ, ಯುವಕ ಮಂಡಳಗಳು ಈ ಹೊಣೆ ಹೊರಬಲ್ಲವೆಂದು ನನಗೆ ಅನಿಸುತ್ತದೆ. ಗರಡಿ ಬಿಟ್ಟವರನ್ನು ಹುಡುಕಿ ಮಾತನಾಡಿಸದೆ, ಮಳೆಗಾಲದ ನಾಲ್ಕು ತಿಂಗಳ ಹಾಜರಿ ಪರಿಶೀಲಿಸದೆ ಇದನ್ನು ಸಿದ್ಧಾಂತವೆನ್ನಲಾಗದು. ಏರ್ಪಾಡು ಅಭ್ಯಾಸವಾಗಿ ಮೈಗೂಡಿದ ಮೇಲೆ ಒಂಟಿಯಾಗಿಯೂ ಉಳಿಯುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯವಾದ, ಇನ್ನೂ ತೀರ್ಮಾನವಾಗದ ಪ್ರಶ್ನೆ.